ಹಿಂದಕ್ಕೆ ಚಾಚಿದ ಕೈ

ಇಂಥ ಸಂಗತಿಗಳನ್ನು ನಂಬುವವಳು ನಾನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಂಬಿದರೆ ಹೇಗೆ? ಮೂರು ದಾರಿ ಕೂಡುವಲ್ಲಿ ನಿವಾಳಿಸಿ ಎಸೆದ ನಿಂಬೆಹಣ್ಣಿಗೆ ಹೆದರಿ ನಮ್ಮ ಮಕ್ಕಳು ಸುತ್ತು ಹಾಕಿಕೊಂಡು ಶಾಲೆಗೆ ಬರುತ್ತಿದ್ದರು. ಒಮ್ಮೆ ಅವರೆದುರಿಗೇ ಅಂಥದೊಂದನ್ನು ಚರಂಡಿಗೆ ಒದ್ದೆ. ಟೀಚರಿಗೆ ಜ್ವರ ಬರುತ್ತದೆ, ನಾಳೆ ಪರೀಕ್ಷೆ ಇರುವುದಿಲ್ಲ ಎಂದು ಆಸೆಪಟ್ಟವರಿಗೆ ಮರುದಿನ ಎಂದಿನಂತೆ ಹಾಜರಾಗಿ ನಿರಾಸೆ ಮಾಡಿದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವ ಭೂತದ ಕತೆ ತೆಗೆದರೆ ಉತ್ತರ ಪತ್ರಿಕೆಗಳನ್ನು ಎಳೆದುಕೊಂಡು ಕೂತುಬಿಡುತ್ತಿದ್ದೆ. ಈಗ ನಾನೇ ಹೇಳಲು ಹೊರಟಿದ್ದೇನೆ. ನೀವು ನಗಬಹುದು, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಕಾಲೇಜಿನ ದಿನಗಳಲ್ಲಿ ನಾನು ಓಟಗಾರ್ತಿ. ಒಬ್ಬಳೇ ಅಲ್ಲ, ಸೆಲ್ವಿಯ ಜೊತೆ. ಸೆಲ್ವಿ ಭದ್ರಾವತಿಯ ಹುಡುಗಿ, ಅವಳ ಅಪ್ಪ ಅಲ್ಲಿಯ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಕ್ಕಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದುಕೊಂಡು ನನ್ನ ಜೊತೆ ಓದುತ್ತಿದ್ದಳು. ಬೆಳಗಾಗುವ ಹೊತ್ತಿಗೆ ದುಪಟ್ಟಾ ಸೊಂಟಕ್ಕೆ ಬಿಗಿದು ನಾವಿಬ್ಬರೂ ನವುಲೆಯ ರಸ್ತೆಯಲ್ಲಿ ಓಡುತ್ತಿದ್ದರೆ, ಹಾಲಿನವರು ಸೈಕಲ್ ನಿಲ್ಲಿಸಿ, ಯಾರಮ್ಮಾ ಅಟ್ಟಿಸಿಕೊಂಡು ಬಂದದ್ದು ಎಂದು ಕೇಳುತ್ತಿದ್ದರು. ಓಡಿ ಓಡಿ ಯಾವ ಗಂಡನ್ನು ಹಿಡಿಯಲು ಹೊರಟಿದ್ದೀಯ ಎಂದು ನಮ್ಮಮ್ಮ ಕೇಳುತ್ತಿದ್ದಳು. ಗಂಡು ಸಿಗಲಿಲ್ಲ, ಓಟ ಮಾತ್ರ ಸಿಕ್ಕಿತು.

ನಮ್ಮಿಬ್ಬರದು ಒಂದು ಪದ್ಧತಿಯಿತ್ತು. ದೂರದ ಓಟದಲ್ಲಿ ನಾನು ಮುಂದೆ, ಅವಳು ನನ್ನ ಬಲಭುಜದ ಹಿಂದೆ. ಹಿಂದಿರುಗಿ ನೋಡಿದರೆ ಹೆಜ್ಜೆಯ ಲಯ ಕೆಡುತ್ತದೆಂದು ನಮ್ಮ ಡ್ರಿಲ್ ಮೇಷ್ಟರು ಹೇಳಿಕೊಟ್ಟಿದ್ದರು. ಹಾಗಾಗಿ ಗಂಟಲು ಒಣಗಿದಾಗ ನಾನು ನೋಡದೆಯೇ ಬಲಗೈಯನ್ನು ಹಿಂದಕ್ಕೆ ಚಾಚುತ್ತಿದ್ದೆ. ಅವಳು ಸೊಂಟದ ಕರ್ಚೀಫಿನಿಂದ ನಿಂಬೆಹಣ್ಣು ತೆಗೆದು ಅಂಗೈಗೆ ಇಡುತ್ತಿದ್ದಳು. ಎಲ್ಲರಂತೆ ಹೋಳು ಮಾಡಿದ ನಿಂಬೆಹಣ್ಣಲ್ಲ. ತೊಟ್ಟಿನ ಕಡೆ ಮುಚ್ಚಳದ ಹಾಗೆ ಕೊಯ್ದು, ಪೂರ್ತಿ ಬಿಡಿಸದೆ, ಒಳಗೆ ಹೆಬ್ಬೆರಳಿನಿಂದ ಕಲ್ಲುಪ್ಪು ತುರುಕಿ ಮತ್ತೆ ಮುಚ್ಚಿದ್ದು. ಹೀರಿದ ಮೇಲೆ ಸಿಪ್ಪೆಯನ್ನು ರಸ್ತೆಗೆ ಎಸೆಯಲು ಬಿಡುತ್ತಿರಲಿಲ್ಲ. "ಯಾರಾದ್ರೂ ನೋಡಿ ಹೆದರ್ಕೋತಾರೆ ಮಾರಾಯ್ತಿ, ಸೊಂಟಕ್ಕೆ ಸಿಕ್ಕಿಸ್ಕೋ," ಎನ್ನುತ್ತಿದ್ದಳು. ಹೆದರುವವರನ್ನು ಕಂಡರೆ ನನಗೆ ನಗು, ಅವಳಿಗೆ ಕನಿಕರ.

ಓದು ಮುಗಿದ ಮೇಲೆ ಅವಳಿಗೆ ಸೇಲಂ ಕಡೆ ಮದುವೆಯಾಯಿತು. ಮುಂದಿನ ವರ್ಷ ಭದ್ರಾವತಿ ಬಸ್ ನಿಲ್ದಾಣದಲ್ಲಿ ಅವಳ ಅಣ್ಣ ಎದುರಾದ. ಸೆಲ್ವಿ ಹೇಗಿದ್ದಾಳೆ ಎಂದು ನಗುತ್ತಲೇ ಕೇಳಿದೆ. ಕಾಮಾಲೆಯಾಗಿ ತೀರಿಕೊಂಡು ಆಗಲೇ ತಿಂಗಳ ಮೇಲಾಗಿತ್ತು. ನನಗೆ ಹೇಳಬೇಕೆಂದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯಲು ನಾನು ನೆಂಟಳೂ ಅಲ್ಲ, ಯಾರೂ ಅಲ್ಲ. ನನ್ನ ಬಸ್ಸು ಬಂತು, ಹತ್ತಿ ಕೂತೆ. ಹೋಗಿ ಅಳುವುದಕ್ಕೂ ಒಂದು ಸಾವಿನ ಮನೆ ಬೇಕಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಆಮೇಲೆ ಪಂದ್ಯಗಳಿಗೆ ಹೋಗುವುದನ್ನು ಬಿಟ್ಟೆ. ವಿದ್ಯಾನಗರದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ, ಬೆಳಿಗ್ಗೆ ಒಬ್ಬಳೇ ಓಡುತ್ತಿದ್ದೆ. ಹತ್ತು ಹನ್ನೆರಡು ವರ್ಷ ಹೀಗೇ ಹೋಯಿತು. ಭಾನುವಾರ ಪೂರ್ತಿ ಯಾರೊಂದಿಗೂ ಒಂದು ಮಾತೂ ಆಡದೆ ಸೋಮವಾರ ಹಾಜರಿ ಕೂಗಲು ಬಾಯಿ ತೆರೆದರೆ ಗಂಟಲಿನಿಂದ ಸ್ವರವೇ ಬರದ ಒಂದು ದಿನ, ನನ್ನ ಬಗ್ಗೆ ನನಗೇ ಭಯವಾಯಿತು. ಅದೇ ವಾರ ಶಾಲೆಯ ಗೋಡೆಗೆ ಯಾವುದೋ ಯುವಕ ಸಂಘದವರು ಶಿವಮೊಗ್ಗದಿಂದ ಭದ್ರಾವತಿಯವರೆಗಿನ ಓಟದ ಪೋಸ್ಟರ್ ಅಂಟಿಸಿ ಹೋಗಿದ್ದರು. ಹೆಸರು ಕೊಟ್ಟೆ. ಓಟ ಮುಗಿಸಿದರೆ ಇನ್ನು ಮೇಲೆ ಜನರ ನಡುವೆ ಇರುತ್ತೇನೆ, ಅರ್ಧಕ್ಕೆ ಬಿಟ್ಟರೆ ಶೂಗಳನ್ನು ಯಾರಿಗಾದರೂ ಕೊಟ್ಟು ಮನೆಯೊಳಗೇ ಉಳಿಯುತ್ತೇನೆ ಎಂದು ನಿರ್ಧರಿಸಿದೆ. ಕೇಳಿದರೆ ಹುಡುಗಾಟ ಅನ್ನಿಸಬಹುದು. ಒಂಟಿಯಾಗಿರುವವರು ತಮ್ಮೊಳಗೆ ಮಾಡಿಕೊಳ್ಳುವ ಇಂಥ ಒಪ್ಪಂದಗಳು ಬಹಳ ಗಟ್ಟಿಯಾಗಿರುತ್ತವೆ.

ಓಟದ ದಿನ ಗುಂಪಿನಲ್ಲಿ ನಿಂತಾಗಲೇ ತಪ್ಪು ಮಾಡಿದೆ ಅನ್ನಿಸಿತು. ಎಲ್ಲರೂ ಹುಡುಗರು, ಹುಡುಗಿಯರು. ಒಬ್ಬರಿಗೊಬ್ಬರು ಬೆನ್ನಿಗೆ ನಂಬರಿನ ಬಟ್ಟೆಯನ್ನು ಪಿನ್ನಿನಿಂದ ಚುಚ್ಚಿಕೊಡುತ್ತಿದ್ದರು. ನಾನು ನನ್ನದನ್ನು ಮನೆಯಲ್ಲೇ ಕಮೀಜಿಗೆ ಹೊಲಿದುಕೊಂಡು ಹೋಗಿದ್ದೆ, ಚುಚ್ಚಿಕೊಡುವವರು ಯಾರಿರುತ್ತಾರೆ ಎಂದು. ಊರು ದಾಟುವಷ್ಟರಲ್ಲಿ ಎಲ್ಲರೂ ನನ್ನನ್ನು ಹಿಂದೆ ಹಾಕಿದರು. ಮುಂದೆ ಕಣ್ಣಿಗೆ ಯಾರೂ ಇಲ್ಲ. ಹಿಂದೆ ಒಂದು ಜೀಪು ಮಾತ್ರ, ಸುಸ್ತಾದವರನ್ನು ಹತ್ತಿಸಿಕೊಳ್ಳಲು. ಅದನ್ನು ಓಡಿಸುತ್ತಿದ್ದವರು ಮಾಚೇನಹಳ್ಳಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಬಾಷಾ. ಮೇಡಂ, ಹತ್ಕೊಳ್ಳಿ, ನಾಚ್ಕೆ ಬೇಡ ಎಂದು ಎರಡು ಮೂರು ಸಲ ಕೂಗಿ, ನಾನು ಕೈಯಲ್ಲೇ ಬೇಡವೆಂದ ಮೇಲೆ ಸುಮ್ಮನಾಗಿದ್ದರು.

ಮಾಚೇನಹಳ್ಳಿಯ ವರ್ಕ್‌ಶಾಪುಗಳು ಬಂದವು. ಭಾನುವಾರವಾದ್ದರಿಂದ ಎಲ್ಲದರ ಬಾಗಿಲೂ ಮುಚ್ಚಿತ್ತು. ಅಲ್ಲಿಂದಾಚೆ ರಸ್ತೆ ಸ್ವಲ್ಪ ಏರು. ಬಿಸಿಲೇರಿತ್ತು, ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. ಆಯಿತು, ಇನ್ನು ಜೀಪು ಹತ್ತುವುದೇ ಎಂದು ನಿಶ್ಚಯಿಸಿದೆ. ನಿಲ್ಲಬೇಕೆಂದು ಹೆಜ್ಜೆ ನಿಧಾನ ಮಾಡುವಾಗ, ನನಗೇ ಅರಿವಿಲ್ಲದೆ, ಎಷ್ಟೋ ವರ್ಷಗಳ ಹಿಂದಿನ ರೂಢಿಯಂತೆ ಬಲಗೈ ಹಿಂದಕ್ಕೆ ಹೋಯಿತು.

ಅಂಗೈಗೆ ನಿಂಬೆಹಣ್ಣು ಬಂತು.

ಇದನ್ನು ಇನ್ನು ಹೇಗೆ ಹೇಳಬೇಕೋ ತಿಳಿಯದು. ಬೆರಳು ತಾಗಲಿಲ್ಲ, ಉಸಿರು ಕೇಳಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಯಾವ ವಿಶೇಷವೂ ಇಲ್ಲದೆ ಬಂತು, ದಿನಾ ಬರುತ್ತಿದ್ದ ಹಾಗೆ. ನಾನೂ ದಿನಾ ಮಾಡುತ್ತಿದ್ದ ಹಾಗೆ ಹೆಬ್ಬೆರಳಿನಿಂದ ಮುಚ್ಚಳ ಸರಿಸಿ ಹೀರಿದೆ. ಕರಗದೆ ಉಳಿದ ಕಲ್ಲುಪ್ಪು ಹಲ್ಲಿಗೆ ಸಿಕ್ಕಿ ಕರಕರ ಅಂದಿತು. ಸಿಪ್ಪೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಹಿಂದಿರುಗಿ ನೋಡಬೇಕೆಂದು ಹೊಳೆಯಲೇ ಇಲ್ಲ. ನನ್ನ ಬಲಭುಜದ ಹಿಂದೆ ಯಾರೋ ಇದ್ದಾರೆ ಎಂಬುದು ಆಗ ಸಹಜವಾಗಿಯೇ ಇತ್ತು. ಕಾರ್ಖಾನೆಯ ಚಿಮಣಿ ಕಂಡಾಗ, ಸೆಲ್ವಿಗೆ ಮನೆ ಬಂತು ಎಂದುಕೊಂಡೆ. ಆ ಕ್ಷಣ ಅವಳು ಸತ್ತಿದ್ದಾಳೆಂಬುದೂ ನೆನಪಾಯಿತು.

ಭದ್ರಾವತಿಯಲ್ಲಿ ಓಟ ಮುಗಿಯುವಲ್ಲಿ ಸಂಘದವರು ಶಾಮಿಯಾನ ಬಿಚ್ಚುತ್ತಿದ್ದರು. ಕೊನೆಯವಳಾದರೂ ಚಪ್ಪಾಳೆ ತಟ್ಟಿದರು. ನಾನು ನೇರ ಜೀಪಿನ ಹತ್ತಿರ ಹೋಗಿ, ಏರಿನಲ್ಲಿ ನನ್ನ ಹಿಂದೆ ಓಡಿಬಂದವರು ಯಾರೆಂದು ಬಾಷಾ ಅವರನ್ನು ಕೇಳಿದೆ.

"ನಿಮ್ ಹಿಂದೆ ನಾನೇ ಇದ್ದದ್ದು ಮೇಡಂ, ಇನ್ಯಾರೂ ಇಲ್ಲ," ಎಂದರು. "ಏರಲ್ಲಿ ನೀವು ಕೈ ಹಿಂದೆ ಮಾಡಿದ್ರಲ್ಲ, ಗಾಡಿ ನಿಲ್ಸು ಅಂತಿದೀರಾ ಅಂದ್ಕೊಂಡು ಬ್ರೇಕ್ ಹಾಕ್ದೆ. ನೀವು ನೋಡಿದ್ರೆ ಜೋರಾಗಿ ಓಡಿಬಿಟ್ರಿ."

ಸೊಂಟದಿಂದ ಸಿಪ್ಪೆ ತೆಗೆದು ತೋರಿಸಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ರಸ್ತೆ ಮೇಲೆ ಬಿದ್ದಿದ್ದನ್ನು ಎತ್ತಿಕೊಂಡೆನೇ ಎಂದು ಕೇಳಿದರು. ನಾನು ಬಗ್ಗಿದ್ದನ್ನು ನೋಡಿದಿರಾ ಎಂದೆ. ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ ತಮ್ಮ ಫ್ಲಾಸ್ಕಿನಿಂದ ನನಗೆ ಚಹಾ ಬಗ್ಗಿಸಿಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಪಕ್ಕದಲ್ಲಿ ನಿಂತಿದ್ದರು. ಅವರಿಗೂ ಭಯವಾಗಿತ್ತು, ಆದರೂ ಬಿಟ್ಟು ಹೋಗಲಿಲ್ಲ.

ನಾನು ಪಾಠ ಹೇಳುವವಳು, ಸುಮ್ಮನೆ ಬಿಡುವವಳಲ್ಲ. ಎಲ್ಲ ಬಗೆಯಲ್ಲೂ ಯೋಚಿಸಿದ್ದೇನೆ. ಮನೆಯಿಂದ ನಾನೇ ಒಯ್ದು ಮರೆತೆನೇ? ನನ್ನ ಹತ್ತಿರ ಇದ್ದದ್ದು ಗ್ಲೂಕೋಸ್ ಪುಡಿಯ ಪೊಟ್ಟಣ ಮಾತ್ರ; ನಿಂಬೆಹಣ್ಣನ್ನಂತೂ ಸೆಲ್ವಿ ಹೋದ ಮೇಲೆ ನಾನು ಹಾಗೆ ಕೊಯ್ದೇ ಇಲ್ಲ. ಬಿಸಿಲಿಗೆ ತಲೆ ತಿರುಗಿ ಭ್ರಮೆಯಾಯಿತೇ? ಸಿಪ್ಪೆಯನ್ನು ಬಾಷಾ ಕೂಡ ನೋಡಿದರಲ್ಲ. ದಾರಿಹೋಕರು ಯಾರೋ ಕೊಟ್ಟಿರಬಹುದು ಎಂದರೆ, ಹಿಂದೆಯೇ ಇದ್ದ ಜೀಪಿಗೆ ಕಾಣದ ಹಾಗೆ ಕೊಟ್ಟದ್ದು ಹೇಗೆ? ಸಿಪ್ಪೆ ಬಹಳ ದಿನ ಕಿಟಕಿಯ ಮೇಲಿತ್ತು. ಒಣಗಿ ಕಪ್ಪಾಯಿತು, ಎಲ್ಲ ನಿಂಬೆ ಸಿಪ್ಪೆಗಳ ಹಾಗೆಯೇ.

ಮಾತಿಗೆ ತಪ್ಪದೆ ನಾನು ಆಮೇಲೆಯೂ ಪಂದ್ಯಗಳಿಗೆ ಹೋದೆ, ಈಗಲೂ ಹೋಗುತ್ತೇನೆ. ಪರಿಚಯದವರಾಗಿದ್ದಾರೆ, ನಂಬರಿನ ಬಟ್ಟೆಯನ್ನು ಬೆನ್ನಿಗೆ ಚುಚ್ಚಿಕೊಡುತ್ತಾರೆ. ಗಂಟಲು ಒಣಗಿದಾಗ ಬಲಗೈ ತಾನಾಗಿ ಹಿಂದಕ್ಕೆ ಹೋಗಲು ನೋಡುತ್ತದೆ. ನಾನು ಬಿಡುವುದಿಲ್ಲ. ನಂಬದವಳಿಗೆ ಇದೆಂಥ ಹೆದರಿಕೆ ಎಂದು ನೀವು ಕೇಳಬಹುದು. ಏನಾದರೂ ಬಂದೀತೆಂಬ ಹೆದರಿಕೆಯಲ್ಲ. ಒಂದು ಸಲ ಚಾಚಿದ ಕೈ ಖಾಲಿಯೇ ಉಳಿದರೆ, ಸೆಲ್ವಿ ಸತ್ತಳೆಂಬ ಸುದ್ದಿಯನ್ನು ನಾನು ಮತ್ತೊಮ್ಮೆ ಕೇಳಬೇಕಾಗುತ್ತದೆ. ಅದಕ್ಕೇ ಮುಷ್ಟಿ ಬಿಗಿಹಿಡಿದು ಓಡುತ್ತೇನೆ.