ಪರದೆಯ ಮೇಲಿನ ಪ್ರವಾಸಿ

1992ರ ಮೇ ತಿಂಗಳ ಒಂದು ಭಾನುವಾರ ನಾಸಿಕ್‌ನ ಸ್ಟುಡಿಯೋ ಒಂದರಲ್ಲಿ ಅಣ್ಣ, ಅತ್ತಿಗೆ ಮತ್ತು ನಾನು ಫೋಟೋ ತೆಗೆಸಿಕೊಂಡೆವು. ಹಿಂದಿನ ಪರದೆಯಲ್ಲಿ ಬಣ್ಣದಲ್ಲಿ ಬರೆದಿದ್ದ ನಾಲ್ಕನೆಯ ಮನುಷ್ಯ ಪ್ರಿಂಟಿನಲ್ಲಿ ಬರಲಿಲ್ಲ.

ನಾನು ಅಲ್ಲಿನ ಪತ್ರಿಕೆಯೊಂದರ ವರದಿಗಾರ. ಇಂಥ ಸುದ್ದಿ ತಂದವರನ್ನು ಅಲ್ಲಿಯವರೆಗೆ ಚಹಾ ಕೊಟ್ಟು ಸಾಗಹಾಕುತ್ತಿದ್ದೆ. ನೀವು ನನ್ನನ್ನೂ ಹಾಗೆಯೇ ಸಾಗಹಾಕಬಹುದು.

ಅಣ್ಣ ಬ್ಯಾಂಕಿನವನು, ಧಾರವಾಡದಿಂದ ವರ್ಗವಾಗಿ ಔರಂಗಾಬಾದಿನಲ್ಲಿದ್ದ. ಊರಿಗೆ ಸಂಭಾಜಿನಗರ ಎಂಬ ಹೆಸರು ಅಧಿಕೃತವಾದದ್ದು ಆಮೇಲೆ. ಅಪ್ಪನ ಮನೆ ಪಾಲಾಗುವಾಗ ಜಗಳವಾಗಿ ನಮ್ಮಿಬ್ಬರ ಮಾತು ನಿಂತುಹೋಗಿತ್ತು. ರಾಜಿ ಮಾಡಿಸಲೆಂದೇ ಅತ್ತಿಗೆ ಅವನನ್ನು ಕರೆತಂದಿದ್ದರು. ಫೋಟೋ ಅವರ ಹಟ.

ಸ್ಟುಡಿಯೋದವನಿಗೆ ಹಳೆಯ ಕಾಲದ ಪ್ರಯಾಣದ ಶೋಕಿ. ಹಿತ್ತಾಳೆ ಮೂಲೆಗಳ ಟ್ರಂಕು, ಹಾಸಿಗೆ ಸುತ್ತುವ ಹೋಲ್ಡಾಲು, ದುರ್ಬೀನು, ಸಾಹೇಬರ ಹ್ಯಾಟು ಎಲ್ಲ ಇಟ್ಟಿದ್ದ. ಪ್ರಿಂಟನ್ನು ಕಂದು ಬಣ್ಣಕ್ಕೆ ತಿರುಗಿಸಿ ಕೊಡುತ್ತಿದ್ದ. ಪರದೆಯಲ್ಲಿ ಘಾಟಿನ ರಸ್ತೆ. ಅದರ ಮೇಲೆ ನಮಗೆ ಬೆನ್ನು ಹಾಕಿ ನಡೆಯುವ ಒಬ್ಬ ಪ್ರವಾಸಿ.

ಟ್ರಂಕಿನ ಮೇಲೆ ಕೂತಿದ್ದ ಅತ್ತಿಗೆ ತಟ್ಟನೆ ಎದ್ದರು. "ಮೂರು ಮಂದಿ ಕೂಡಿ ತೆಗಸ್ಕೋಬಾರದ್ರಿ. ಒಬ್ಬರಿಗೆ ಕೇಡು ಆಗ್ತದ."

ಸಂಗತಿ ತಿಳಿದ ಸ್ಟುಡಿಯೋದವನು ಪರದೆಯತ್ತ ಬೆರಳು ತೋರಿಸಿ, ನಾಲ್ಕನೆಯವನು ಆಗಿನಿಂದ ನಿಂತೇ ಇದ್ದಾನಲ್ಲ ಎಂದ. "ಚೌಥಾ ಹೈ ನಾ, ಭಾಭೀ. ಕಬ್ ಸೇ ಖಡಾ ಹೈ."

"ಇರ್ಲಿ ಬಿಡು, ಅಂವಾ ಪಾಲು ಕೇಳಂಗಿಲ್ಲ," ಎಂದ ಅಣ್ಣ, ನನ್ನನ್ನು ನೋಡದೆ. ಪ್ರವಾಸಿ ನಮ್ಮಿಬ್ಬರ ನಡುವೆ ಕಾಣುವಂತೆ ನಾನೇ ಬಲಕ್ಕೆ ಸರಿದು ನಿಂತೆ.

ಮರುದಿನ ಪ್ರಿಂಟ್ ತಂದವನೂ ನಾನೇ. ನಮ್ಮ ನಡುವೆ ಘಾಟಿನ ರಸ್ತೆ ಸ್ಪಷ್ಟವಾಗಿ ಬಂದಿತ್ತು. ರಸ್ತೆ ಖಾಲಿ.

ಅಣ್ಣ ಬಹಳ ಹೊತ್ತು ನೋಡಿದ. "ಸ್ಟುಡಿಯೋದವಗ ಹೇಳಿ ನೀನ ಅಂವನ್ನ ಅಳಸೀದಿ. ನಾ ಸತ್ರ ನಿನ್ನ ಹಾದಿ ಸಾಫ್."

"ಹಂಗ ಅನಬ್ಯಾಡ್ರಿ," ಎಂದರು ಅತ್ತಿಗೆ. ಆದರೆ ಅವರೂ ನನ್ನ ಮುಖ ನೋಡಲಿಲ್ಲ.

ಮೂವರೂ ಸ್ಟುಡಿಯೋಗೆ ಹೋದೆವು. ಪರದೆಯಲ್ಲಿ ಪ್ರವಾಸಿ ಇದ್ದ. ನೆಗೆಟಿವನ್ನು ಬೆಳಕಿಗೆ ಹಿಡಿದರೆ ಅದರಲ್ಲಿ ಇರಲಿಲ್ಲ. ಇನ್ನೊಂದು ತೆಗೆಯುತ್ತೇನೆ, ದುಡ್ಡು ಬೇಡ ಎಂದ ಸ್ಟುಡಿಯೋದವನು. ಅಣ್ಣ ನನ್ನ ಪಕ್ಕ ನಿಲ್ಲಲು ಒಪ್ಪಲಿಲ್ಲ. ಪ್ರಿಂಟನ್ನು ಜೇಬಿಗೆ ಹಾಕಿಕೊಂಡು ಅತ್ತಿಗೆಯೊಂದಿಗೆ ಅಂದೇ ಔರಂಗಾಬಾದಿನ ಬಸ್ ಹತ್ತಿದ.

ನಾನು ಸ್ಟುಡಿಯೋದಿಂದ ಕೇಳಿ ತಂದ ನೆಗೆಟಿವನ್ನು ನಮ್ಮ ಪತ್ರಿಕೆಯ ಫೋಟೋಗ್ರಾಫರ್ ಭೂತಗನ್ನಡಿ ಹಿಡಿದು ನೋಡಿದ. ಯಾರೂ ಕೈ ಆಡಿಸಿಲ್ಲ ಎಂದ. ಅವನಿಗೂ ಕಾರಣ ಗೊತ್ತಾಗಲಿಲ್ಲ, ನನಗೆ ಇಂದಿಗೂ ಗೊತ್ತಿಲ್ಲ.

ನೆಗೆಟಿವ್ ನನ್ನ ಬಳಿ ಇದೆ. ಮೂವರೂ ಬದುಕಿದ್ದೇವೆ. ಹೋದ ವರ್ಷ ಅಣ್ಣನ ಮನೆಗೆ ಹೋಗಿದ್ದ ನೆಂಟರೊಬ್ಬರು ಆ ಫೋಟೋ ಗೋಡೆಯ ಮೇಲಿರುವುದನ್ನು ಕಂಡಿದ್ದಾರೆ. ಅದರಲ್ಲಿ ಇಬ್ಬರಿದ್ದಾರೆ. ನಾನು ನಿಂತಿದ್ದ ಬದಿಯನ್ನು ಕತ್ತರಿಸಲಾಗಿದೆ.