ಎಂಜಿನ್ ಮುಂದೆ ಅತ್ತಿಯ ಕೈ

ಗುಡುಗುಡು ಸದ್ದು ಕೇಳಿದ್ದೇ ತಡ, ಕ್ಯಾಮೆರಾ ಹಿಡಿದು ಹೊರಗೆ ಓಡಿದೆ. ಉದಗೀರದಲ್ಲಿ ನಮ್ಮ ಮನೆ ರೈಲು ಹಳಿಯ ಪಕ್ಕಕ್ಕೇ ಇದೆ. ಗೂಡ್ಸ್ ಎಂಜಿನ್ ಫೋಟೋ ತೆಗೆದು ನಂಬರ್ ಬರೆದಿಡುವುದು ನನ್ನ ಹುಚ್ಚು. ಭೂಕಂಪದಲ್ಲಿ ಸಾಸ್ತೂರ ಹಳ್ಳಿಯ ತನ್ನ ಮನೆ ಕಳಕೊಂಡು ನಮ್ಮಲ್ಲಿಗೆ ಬಂದಿದ್ದ ಅಪ್ಪನ ಅಕ್ಕ, ನಮ್ಮ ಅತ್ತಿ, ಹಿಟ್ಟಿನ ಕೈಯಲ್ಲೇ ಹಿಂದೆ ಓಡಿ ಬಂದು, ನಾನು ಕ್ಲಿಕ್ ಮಾಡುವಾಗಲೇ 'ದೂರ ಓಡು' ಎನ್ನುತ್ತ ಕ್ಯಾಮೆರಾ ಮುಂದೆ ಕೈ ಬೀಸಿದಳು.

"ಗೂಡ್ಸ್ ಗಾಡಿ ಅತ್ತಿ ಅದು! ನೀ ಯಾಕ ಓಡಿದಿ?"

"ಮನ್ಯಾಗ ಬಿ.ಎ. ಕಲತಾಂವ ನೀ ಒಬ್ಬನೇ. ಮತ್ತ ಭೂಮಿ ನಡಗಿತಂತ ಕಲತಾಂವನೇ ಓಡಿದ ಮ್ಯಾಲ ನಾ ರೊಟ್ಟಿ ಬಡಕೋತ ಕೂಡ್ಲೇನು? ಇಲ್ಲಿ ಇರಂಗಿಲ್ಲ, ಇವತ್ತೇ ನಮ್ಮೂರ ಬಸ್ಸಿಗೆ ಹತ್ತಸು!"

ಮುಂದೆ ಎಂಜಿನ್ ಬಂದರೆ ಮೊದಲು "ಗಾಡಿ ಬಂತು" ಎಂದು ಕೂಗಿ, ಓಡದೆ ನಡೆದೇ ಹೊರಗೆ ಹೋಗುತ್ತೇನೆ ಎಂದು ನಾನು ಆಣೆ ಮಾಡಿದ ಮೇಲೆ ಅತ್ತಿ ಉಳಿದಳು.

ತೊಳೆಸಿದ ಫೋಟೋದಲ್ಲಿ ಎಂಜಿನ್ ನಂಬರಿಗೆ ಸರಿಯಾಗಿ ಆ ಹಿಟ್ಟಿನ ಕೈ ಅಡ್ಡ ಬಂದಿದೆ. ನನ್ನ ವಹಿಯಲ್ಲಿ ನಂಬರಿನ ಜಾಗಕ್ಕೆ 'ಅತ್ತಿ' ಎಂದು ಬರೆದಿದ್ದೇನೆ.