ಕುಮ್ಮಟದ ತಲೆ

‘ನಮ್ಮ ಮನಿತನದಾಗ ಓದಿದವ ಹುಟ್ಟಂಗಿಲ್ಲ. ಹುಟ್ಟಿದ್ರ ನಾ ಬಿಡಂಗಿಲ್ಲ’ ಎಂದವನು ನನ್ನ ಅಜ್ಜ, ಬಸಲಿಂಗಜ್ಜ. ಆ ಮಾತನ್ನು ಸುಳ್ಳು ಮಾಡಿದವಳು ಅವನ ಮಗಳು, ನನ್ನ ಸೋದರತ್ತೆ ನಿಂಗವ್ವ. ಅತ್ತೆಗೆ ಒಂದಕ್ಷರವೂ ಬರುತ್ತಿರಲಿಲ್ಲ. ಬಚ್ಚಿಡುವ ವಿದ್ಯೆಯೊಂದು ಚೆನ್ನಾಗಿ ಬರುತ್ತಿತ್ತು. ಬೆಲ್ಲವನ್ನು ಬೂದಿಯ ಗಡಿಗೆಯ ಹಿಂದೆ, ತುಪ್ಪವನ್ನು ಹಳೆಯ ಕೌದಿಯೊಳಗೆ ಇಡುತ್ತಿದ್ದಳು. ಬೀಗರು ಬಂದ ಹೊತ್ತಿಗೆ ಅಜ್ಜ ‘ಉಪ್ಪಿನಕಾಯಿ ತೀರೇತೇನು?’ ಎಂದು ಕಣ್ಣು ಬಿಟ್ಟರೆ, ‘ತಲಿ ನೆಲಮನ್ಯಾಗ ಐತಿ, ಅಂಜಬ್ಯಾಡ’ ಎನ್ನುತ್ತಿದ್ದಳು. ನಮಗಿದ್ದುದು ಎರಡಂಕಣದ ಮಣ್ಣಿನ ಮನೆ, ನೆಲದಡಿಯ ಕೋಣೆ ಎಲ್ಲಿಂದ ಬರಬೇಕು?

ಅದು ಕುಮ್ಮಟದ ಕಥೆಯ ಮಾತು. ಗಂಗಾವತಿ ಸೀಮೆಯ ನಮ್ಮೂರಿನ ಮಾಳಿಗೆ ಏರಿದರೆ ಕುಮ್ಮಟದುರ್ಗದ ಗುಡ್ಡ ಕಾಣುತ್ತಿತ್ತು. ಹಿಂದೆ ಅಲ್ಲಿಯ ರಾಜ ಮಲತಾಯಿಯ ಚಾಡಿ ನಂಬಿ ಮಗನ ತಲೆ ತರಲು ಮಂತ್ರಿಗೆ ಹೇಳಿದನಂತೆ. ಮಂತ್ರಿ ಯುವರಾಜನನ್ನು ನೆಲಮನೆಯಲ್ಲಿ ಬಚ್ಚಿಟ್ಟು, ಅವನನ್ನೇ ಹೋಲುವ ಬೇರೊಂದು ತಲೆ ತಂದು ತೋರಿಸಿದ. ಮುಂದೆ ಶತ್ರುಗಳು ಕೋಟೆಯನ್ನು ಮುತ್ತಿದಾಗ, ‘ಮಗ ಇದ್ದಿದ್ರ!’ ಎಂದು ರಾಜ ಅಳುತ್ತ ಕೂತಾಗ, ಮಂತ್ರಿ ನೆಲಮನೆಯ ಬಾಗಿಲು ತೆರೆದ. ಆ ಯುವರಾಜನ ಮರದ ತಲೆ ಮಾಡಿ ಪೂಜಿಸುವವರು ನಮ್ಮ ಕಡೆ ಇದ್ದಾರೆ. ಹೋಯಿತು ಎಂದು ಜಗತ್ತು ನಂಬಿದ್ದು ಎಲ್ಲೋ ಕ್ಷೇಮವಾಗಿದ್ದರೆ, ಅದು ಅತ್ತೆಯ ಬಾಯಲ್ಲಿ ‘ನೆಲಮನ್ಯಾಗಿನ ತಲಿ’. ಈ ಮಾತು ಈಗ ಯಾರ ಬಾಯಲ್ಲೂ ಇಲ್ಲ.

ನಿಜಾಮರ ಆಳ್ವಿಕೆಯ ದಿನಗಳು. ಗಂಗಾವತಿಯ ಸಾಲೆಯಲ್ಲಿ ಪಾಠವೆಲ್ಲ ಉರ್ದು, ತಲೆಗೆ ಕಪ್ಪು ಕುಚ್ಚಿನ ಕೆಂಪು ರೂಮಿ ಟೊಪ್ಪಿಗೆ ಕಡ್ಡಾಯ. ಅತ್ತೆ ಬೆಣ್ಣೆ ಮಾರಿ ನನಗೊಂದು ಕೊಡಿಸಿದ್ದಳು. ಮೊದಲ ದಿನವೇ ಅಜ್ಜನ ಕಣ್ಣಿಗೆ ಬಿದ್ದೆ.

‘ತಲಿ ಮ್ಯಾಲ ಕೆಂಪು ಕುಡಿಕಿ ಬೋರಲ ಹಾಕ್ಕೊಂಡು ಎಲ್ಲಿಗೆ ಹೊಂಟೀಲೇ?’

‘ಸಾಲಿಗೆ.’

‘ನಾಕ ಅಕ್ಷರ ಕಲ್ತವ ನೇಗಲಾ ಹಿಡದದ್ದು ನೋಡಿಲ್ಲ ನಾ. ಏ ನಿಂಗೀ, ಆ ಟೊಪಿಗಿ ಒಲಿಗೆ ಹಾಕು. ಸುಟ್ಟ ವಾಸನಿ ಇಲ್ಲೀತನಾ ಬರಬೇಕು!’

ಅಪ್ಪ ಅಜ್ಜನೆದುರು ಬಾಯಿ ಬಿಟ್ಟವನಲ್ಲ, ಎತ್ತಿಗೆ ನೀರು ಕುಡಿಸಲು ಹೋದ. ಅತ್ತೆ ನನ್ನ ತಲೆಯಿಂದ ಟೊಪ್ಪಿಗೆ ಕಿತ್ತುಕೊಂಡು ಒಳಗೆ ನಡೆದಳು. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಸುಟ್ಟ ವಾಸನೆ. ಅರೆಸುಟ್ಟ ಟೊಪ್ಪಿಗೆಯನ್ನು ಇಕ್ಕಳದಲ್ಲಿ ಹಿಡಿದು ತಂದಳು. ಕಪ್ಪು ಕುಚ್ಚು ಇನ್ನೂ ಹೊಗೆಯಾಡುತ್ತಿತ್ತು.

‘ತಗೋ ಯಪ್ಪಾ, ಕೇಳಿದ ತಲಿ.’

ಅಜ್ಜ ಸಮಾಧಾನದಿಂದ ಎಲೆಯಡಿಕೆ ಹಾಕಿಕೊಂಡ. ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದೆ. ಅತ್ತೆ ಬಂದು ಕಿವಿಯಲ್ಲಿ, ‘ಸುಮ್ನಿರು ಹುಚ್ಚಾ. ನಿನ್ನ ತಲಿ ಜ್ವಾಳದ ಕಣಜದಾಗ ಐತಿ’ ಎಂದಳು.

ಮರುದಿನ ಆಕೆ, ‘ಹುಡುಗ ಹೊಲಿಗಿನರ ಕಲೀಲಿ’ ಎಂದು ಅಜ್ಜನನ್ನು ಒಪ್ಪಿಸಿ ನನ್ನನ್ನು ಗಂಗಾವತಿಯ ಖಾಸೀಮ ಸಾಬರ ಹೊಲಿಗೆ ಅಂಗಡಿಗೆ ಕಳಿಸಿದಳು. ನನ್ನ ನೆಲಮನೆ ಅದೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಿದ್ದೆ, ಹಗಲೆಲ್ಲ ಸಾಲೆ. ಸೂಜಿಗೆ ದಾರ ಪೋಣಿಸಲೂ ನನಗೆ ಬರಲಿಲ್ಲ.

ಅಜ್ಜ ಒಮ್ಮೆ ಅಂಗಿಯ ಬಟ್ಟೆ ಕಳಿಸಿದ. ಖಾಸೀಮ ಸಾಬರು ನಗುತ್ತಲೇ ಹೊಲಿದರು. ಅಜ್ಜ ಅದನ್ನು ಹಾಕಿಕೊಂಡು ಊರೆಲ್ಲ ತಿರುಗಿದ: ‘ಮೊಮ್ಮಗನ ಕೈ ನೋಡ್ರಿ! ಓದಿದ್ರ ಬರತಿತ್ತೇನು ಇಂಥಾ ಹೊಲಿಗಿ?’ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದಳು.

ಹೀಗೆ ಕೆಲವು ವರ್ಷ ನಡೆಯಿತು. ಒಂದು ಉಗಾದಿಗೆ ನಾನು ಊರಿಗೆ ಬಂದಿದ್ದೆ. ಬಾಗಿಲಲ್ಲೇ ಅತ್ತೆ ನನ್ನ ಟೊಪ್ಪಿಗೆ ಕಸಿದು ಕಣಜಕ್ಕೆ ಹಾಕಿದ್ದಳು. ಮರುದಿನ ಕಂದಾಯದ ಗಿರ್ದಾವರ ಸಾಹೇಬರು ಕುದುರೆ ಏರಿ ನಮ್ಮ ಅಂಗಳಕ್ಕೇ ಬಂದರು. ಅವರಿಗೆ ಕನ್ನಡ ಬಾರದು. ಅಜ್ಜನಿಗೆ ಬರುತ್ತಿದ್ದ ಉರ್ದು ‘ಜೀ ಹುಜೂರ್’ ಒಂದೇ. ಕೇಳಿದ್ದಕ್ಕೆಲ್ಲ ಅದನ್ನೇ ಅಂದ. ಸಾಹೇಬರ ಮುಖ ಕೆಂಪಾಯಿತು. ಅಜ್ಜ ಗಾಬರಿಯಾಗಿ ಇನ್ನೂ ಬಗ್ಗಿ, ‘ಜೀ ಹುಜೂರ್, ಜೀ ಹುಜೂರ್’ ಎಂದ. ಅವರು ‘ಜಮೀನ್ ಜಪ್ತಿ!’ ಎಂದು ಗುಡುಗಿದರು. ಜಪ್ತಿ ಎಂಬ ಮಾತು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು.

ಅಜ್ಜ ಒಳಗೆ ಓಡಿ ಬಂದ. ‘ನಿಂಗೀ, ನನ್ನ ಟೊಪಿಗಿ ತಾ! ಹಿಂದ ಕಚೇರಿಗೆ ಹಾಕ್ಕೊಂಡು ಹೋಗ್ತಿದ್ನಲ್ಲ, ಟ್ರಂಕಿನಾಗಿಂದು. ಬರೇ ರುಮಾಲ ನೋಡಿ ಸಾಹೇಬರಿಗೆ ಸಿಟ್ಟು ಬಂದಂಗೈತಿ. ಅಯ್ಯ ಶಿವನ, ಇವರ ಮಾತು ಬಲ್ಲವ ಮನ್ಯಾಗ ಒಬ್ಬನರ ಇದ್ದಿದ್ರ!’

ಅತ್ತೆ ಕಾಯುತ್ತಿದ್ದುದು ಈ ಮಾತಿಗೇ. ಕಣಜಕ್ಕೆ ಕೈ ಹಾಕಿ ನನ್ನ ಟೊಪ್ಪಿಗೆ ತೆಗೆದು, ಜೋಳ ಕೊಡವಿ, ನನ್ನ ತಲೆಗಿಟ್ಟು ಹೊರಗೆ ನೂಕಿದಳು.

ನಾನು ಸಲಾಮು ಮಾಡಿ ಉರ್ದುವಿನಲ್ಲಿ ಮಾತಾಡಿದೆ. ಆಗ ತಿಳಿಯಿತು: ಸಾಹೇಬರು ‘ಸರಕಾರಿ ಕೆರೆಯ ಅಂಗಳ ಉತ್ತವನು ನೀನೇನು?’ ಎಂದು ಕೇಳುತ್ತಿದ್ದರು. ಅಜ್ಜ ಅಷ್ಟು ಸಲವೂ ಒಪ್ಪಿಕೊಂಡಿದ್ದ.

‘ನಾನ್ಯಾಕ ಕೆರಿ ಉಳಲೋ ಮಾರಾಯಾ! ನನ್ನ ಹೊಲಾನ ಉಳಾಕ ಆಗವಲ್ದು!’

ಅದನ್ನು ಹಾಗೆಯೇ ಉರ್ದುವಿಗೆ ತಿರುಗಿಸಿದೆ. ಸಾಹೇಬರು ಹೋಗಿ ಕೆರೆ ನೋಡಿದರು. ಅಜ್ಜನ ನೇಗಿಲು ಅತ್ತ ಸುಳಿದಿರಲಿಲ್ಲ. ಹೊರಡುವಾಗ ನನ್ನ ಬೆನ್ನು ತಟ್ಟಿ, ಯಾವ ಮದರಸೆ ಎಂದು ಕೇಳಿದರು. ಮದರಸೆ ಎಂದರೆ ಸಾಲೆ ಎಂಬುದು ಅಜ್ಜನಿಗೂ ಗೊತ್ತಿತ್ತು.

ಕುದುರೆ ಹೋದ ಮೇಲೆ ಅಜ್ಜ ತನ್ನ ಅಂಗಿಯನ್ನೇ ನೋಡಿಕೊಂಡ.

‘ಹಂಗಾರ ಈ ಅಂಗಿ?’

‘ಖಾಸೀಮಣ್ಣ ಹೊಲದಾನ’ ಎಂದಳು ಅತ್ತೆ.

‘ಅವತ್ತ ಒಲ್ಯಾಗ ಸುಟ್ಟಿದ್ದು ಯಾರ ತಲಿ?’

‘ನಿಂದ, ಯಪ್ಪಾ.’

ಅಜ್ಜ ರುಮಾಲು ತೆಗೆದು ನೆತ್ತಿ ಸವರಿಕೊಂಡ. ಮರುದಿನ ತಾನೇ ಬಂಡಿ ಕಟ್ಟಿ ನನ್ನನ್ನು ಸಾಲೆಗೆ ಬಿಟ್ಟ. ದಾರಿಯುದ್ದಕ್ಕೂ ನನ್ನ ಟೊಪ್ಪಿಗೆ ಅವನ ನೆತ್ತಿಯ ಮೇಲೆ ಓಲಾಡುತ್ತಿತ್ತು. ಕೇಳಿದರೆ, ‘ಸಾಲಿ ಬಾಗಲದಾಗ ಕೊಡತೀನಿ ಸುಮ್ನಿರಲೇ. ನಂದು ಸುಟ್ಟೀರಿ’ ಎಂದ.

ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಬೆಣ್ಣೆ ತಿನ್ನದೆ ಮಾರಿ ಗಳಿಸಿದ ಪದವಿ ಅದು. ಅತ್ತೆಯನ್ನು ನಾನು ಕಡೆಯದಾಗಿ ಕಂಡದ್ದು ಪದವಿಯ ಸನದು ಹಿಡಿದು ಊರಿಗೆ ಬಂದ ದಿನ. ಮುಂದಿನ ಸುಗ್ಗಿಯ ಹೊತ್ತಿಗೆ ಅವಳಿರಲಿಲ್ಲ.

ಅಂದು ಸನದನ್ನು ಅವಳ ಕೈಗಿಟ್ಟೆ. ಸೆರಗಿನಿಂದ ಒರೆಸಿದಳು, ಮೂಸಿ ನೋಡಿದಳು, ಆಮೇಲೆ ಕೈಗೆ ಬಂದ ರೂಢಿಯಂತೆ ಸೀದಾ ಕಣಜದ ಕಡೆಗೆ ನಡೆದಳು. ಪಡಸಾಲೆಯಲ್ಲಿ ಕೂತಿದ್ದ ಅಜ್ಜ ಕೋಲು ಕುಟ್ಟಿದ.

‘ಏ ನಿಂಗೀ! ಇನ್ನ ಯಾರಿಗಂಜಿ ಮುಚ್ಚಿಡತಿ? ಹೊರಗ ತಾ. ಊರ ಮಂದಿ ನೋಡ್ಲಿ, ತಲಿ ನಮ್ಮದೈತಿ!’